ಟೆಸ್ಟ್ ಟ್ಯೂಬಿನ 20 ನಿಮಿಷ: ಆಂಬುಲೆನ್ಸ್ ಅನುಭವದಿಂದ ಕ್ರೈಸ್ತ ಸಸ್ಪೆನ್ಸ್ ಕಾದಂಬರಿ ಬರೆಯುವ ಬಗೆ

ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ಅಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಒಂದೆರಡು ಎಂ.ಎಲ್. ರಕ್ತ ತೆಗೆದು ಒಣಗಿದ, ಶುದ್ಧವಾದ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕುತ್ತಾರೆ. 20 ನಿಮಿಷ ಅದನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ಒಂದೇ ಸಲ ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಎಲ್ಲರೂ ಉಸಿರು ಬಿಡುತ್ತಾರೆ. ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಕೈ ಹಾಕಿದೆ ಎಂದರ್ಥ.

ಆ 20 ನಿಮಿಷ ಕೋಣೆಯಲ್ಲಿ ಏನೂ ನಡೆಯುವುದಿಲ್ಲ. ಫ್ಯಾನ್ ತಿರುಗುತ್ತದೆ. ಹೆಂಡತಿ ಟ್ಯೂಬನ್ನೇ ನೋಡುತ್ತಾಳೆ. ತಾಯಿ ಬಾಯೊಳಗೇ ಪ್ರಾರ್ಥನೆ ಹೇಳುತ್ತಾಳೆ. ಬಾಗಿಲ ಹತ್ತಿರ ನಿಂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಸೈರನ್ ಹಾಕಿಕೊಂಡು ಓಡಿದ ಯಾವ ಟ್ರಿಪ್ಪಿನಲ್ಲೂ ನನ್ನ ಕೈ ಅಷ್ಟು ಬೆವತಿದ್ದಿಲ್ಲ.

ಆಂಬುಲೆನ್ಸಿನಲ್ಲಿ ಇ.ಎಂ.ಟಿ. (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ಆಗಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಬರೆಯೋಕೆ ಕೂತವಳು ನಾನು. ನನ್ನ ಮೊದಲ ಕಾದಂಬರಿಯ ಕರಡಿನಲ್ಲಿ ಸೈರನ್ ಜಾಸ್ತಿ ಇತ್ತು, ಕಾಯುವಿಕೆ ಇರಲೇ ಇಲ್ಲ. ಅದು ಹಾಳಾಗಿದ್ದು ಅದರಿಂದಲೇ. ಈ ಮಾರ್ಗದರ್ಶಿ ಪೂರ್ತಿ ಆ ಕಾಯುವಿಕೆಯ ಸುತ್ತಲೇ ಇದೆ.

ಮೊದಲು, ಈ ಪ್ರಕಾರ ಏನು?

ಅಮೆರಿಕದಲ್ಲಿ ಕ್ರೈಸ್ತ ಸಸ್ಪೆನ್ಸ್‌ಗೆ ಅಂಗಡಿಯಲ್ಲಿ ಅದರದೇ ಕಪಾಟು ಇದೆ. ಅಲ್ಲಿನ ಕ್ರೈಸ್ತ ಕಾದಂಬರಿಗಳಿಗೆ 2000ದಿಂದ ಕ್ರಿಸ್ಟಿ ಪ್ರಶಸ್ತಿ ಕೊಡುತ್ತಿದ್ದಾರೆ. ಅಲ್ಲಿನ ಪ್ರಕಾಶಕರ ನಿರೀಕ್ಷೆ ಸ್ಥೂಲವಾಗಿ ಹೀಗೆ: ಕೆಟ್ಟ ಬೈಗುಳ ಬೇಡ, ಹಸಿ ಲೈಂಗಿಕ ದೃಶ್ಯ ಬೇಡ, ಹಿಂಸೆ ಇದ್ದರೂ ಚಪ್ಪರಿಸುವ ಹಾಗೆ ಬೇಡ, ನಂಬಿಕೆಯ ಎಳೆ ಕಥೆಯ ಒಳಗೇ ಇರಬೇಕು.

ಕನ್ನಡದಲ್ಲಿ ಅಂಥ ಕಪಾಟು ಇಲ್ಲ. ಹಾಗಾಗಿ ಆ ನಿಯಮಗಳನ್ನು ಹಾಗೇ ಹೊತ್ತು ತರಬೇಕಿಲ್ಲ. ಕೊನೆಯದನ್ನು ಮಾತ್ರ ಇಟ್ಟುಕೊಳ್ಳಿ. ಒಂದು ಪರೀಕ್ಷೆ ಮಾಡಿ ನೋಡಿ: ನಿಮ್ಮ ಕಥೆಯಿಂದ ಪ್ರಾರ್ಥನೆ, ಚರ್ಚು, ಬೈಬಲ್ ಎಲ್ಲ ತೆಗೆದುಹಾಕಿದ ಮೇಲೂ ಕಥೆ ಹಾಗೇ ನಡೆಯುತ್ತದೆಯಾ? ನಡೆದರೆ ಅದು ಮಾಮೂಲಿ ಪತ್ತೇದಾರಿ ಕಥೆ. ಕುತ್ತಿಗೆಗೆ ಶಿಲುಬೆ ಹಾಕಿಕೊಂಡಿದೆ ಅಷ್ಟೇ.

ಹಂತ 1: ಡೈರಿ ಬರೆಯಿರಿ, ಆದರೆ ರೋಗಿಯನ್ನು ಬರೆಯಬೇಡಿ

ಡ್ಯೂಟಿ ಮುಗಿದ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೆಸರು, ಊರು, ತಾರೀಖು, ವಾಹನದ ನಂಬರ್, ಕಾಯಿಲೆಯ ವಿವರ ಅದರಲ್ಲಿ ಬರಬಾರದು. ಬರಬೇಕಾದದ್ದು ಬೇರೆ: ಅಂಗಳದಲ್ಲಿ ಅರ್ಧ ಸುಲಿದ ಅಡಕೆ, ಒಲೆ ಮೇಲೆ ಸೀದುಹೋದ ಗಂಜಿಯ ವಾಸನೆ, ಸ್ಟ್ರೆಚರ್ ಹೋಗದಷ್ಟು ಸಣ್ಣ ಬಾಗಿಲು, "ಚಪ್ಪಲಿ ಹಾಕ್ಕೋಬೇಕಾ?" ಎಂದು ಕೇಳಿದ ಮಗು. ಕಾದಂಬರಿಗೆ ಬೇಕಾಗಿರೋದು ಇವೇ. ಕಾಯಿಲೆಯ ವಿವರ ಪುಸ್ತಕದಲ್ಲಿ ಸಿಗುತ್ತದೆ.

ನಮ್ಮ ಊರುಗಳು ಚಿಕ್ಕವು. ಚರ್ಚಿನ ಸಭೆಗಳು ಇನ್ನೂ ಚಿಕ್ಕವು. "ಆ ತಿರುವಿನ ಹತ್ತಿರದ ಮನೆಯ ಟೀಚರ್" ಎಂದರೆ ಸಾಕು, ಭಾನುವಾರ ಆರಾಧನೆ ಮುಗಿಯೋದರೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ನಾನು ಕಡ್ಡಾಯವಾಗಿ ಮೂರು ಬದಲಾವಣೆ ಮಾಡುತ್ತೇನೆ: ಜಾಗ, ವ್ಯಕ್ತಿಯ ವಯಸ್ಸು ಅಥವಾ ಲಿಂಗ, ಮತ್ತು ಕೊನೆಗೆ ಏನಾಯಿತು ಎಂಬುದು. ಮೂರನ್ನೂ ಬದಲಿಸಿದ ಮೇಲೂ ಆ ಮನೆಯವರು ಓದಿ ತಮ್ಮದೇ ಕಥೆ ಎಂದು ಗುರುತು ಹಿಡಿಯಬಹುದು ಅನ್ನಿಸಿದರೆ ಆ ಘಟನೆಯನ್ನು ಬಿಟ್ಟುಬಿಡಿ. ಎಚ್.ಐ.ವಿ. ವಿಷಯದಲ್ಲಂತೂ ಒಬ್ಬರ ಸ್ಥಿತಿಯನ್ನು ಒಪ್ಪಿಗೆ ಇಲ್ಲದೆ ಬಯಲು ಮಾಡುವುದನ್ನು 2017ರ ಕಾಯ್ದೆಯೇ ತಡೆಯುತ್ತದೆ. ಫೋನಿನಲ್ಲಿರುವ ಫೋಟೋಗಳ ಬಗ್ಗೆ ಏನು ಹೇಳಲಿ? ತೆಗೆಯಲೇಬಾರದಿತ್ತು. ಈಗಲೇ ಅಳಿಸಿ.

ಇನ್ನೊಂದು ಮಾತು. ನಿನ್ನೆ ನಡೆದದ್ದನ್ನು ಇವತ್ತೇ ಕಥೆ ಮಾಡೋಕೆ ಹೋಗಬೇಡಿ. ನನಗೆ ಒಂದು ವರ್ಷವಾದರೂ ಬೇಕು. ಬರೆಯುವಾಗ ನಿದ್ದೆ ಕೆಡುತ್ತಿದ್ದರೆ, ಅದೇ ಮುಖ ಮತ್ತೆ ಮತ್ತೆ ಬರುತ್ತಿದ್ದರೆ ಅಧ್ಯಾಯ ನಿಲ್ಲಿಸಿ, ಯಾರ ಜೊತೆಗಾದರೂ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಫೋನ್ ಮಾಡಬಹುದು.

ಹಂತ 2: ಗಾಡಿಯಲ್ಲಿ ಇಬ್ಬರನ್ನು ಕೂರಿಸಿ

ಕರ್ನಾಟಕದಲ್ಲಿ 108 ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು, ಆರೋಗ್ಯ ಕವಚ ಎಂಬ ಹೆಸರಲ್ಲಿ. ಗಾಡಿಯಲ್ಲಿ ಇಬ್ಬರು. ಮುಂದೆ ಪೈಲಟ್ (ಡ್ರೈವರ್ ಅನ್ನುವುದಿಲ್ಲ), ಹಿಂದೆ ಇ.ಎಂ.ಟಿ. ಡಾಕ್ಟರ್ ಜೊತೆಗೆ ಇರುವುದಿಲ್ಲ. ಬೇಕಾದರೆ ಕಾಲ್ ಸೆಂಟರಿನ ಡಾಕ್ಟರಿಗೆ ಫೋನ್ ಮಾಡಿ ಸಲಹೆ ಕೇಳಬೇಕು. ಮನೆಯವರು ಮಾತ್ರ ಹಿಂದೆ ಕೂತವರನ್ನು ಒಮ್ಮೆ "ಸಿಸ್ಟರ್", ಒಮ್ಮೆ "ಡಾಕ್ಟ್ರೇ" ಅನ್ನುತ್ತಾರೆ. ನಿಮ್ಮ ನಾಯಕಿಯನ್ನು ಜನ ಡಾಕ್ಟರ್ ಅಂದುಕೊಂಡಿದ್ದಾರೆ, ಅವಳು ಅಲ್ಲ. ಒತ್ತಡಕ್ಕೆ ಇದೊಂದೇ ಸಾಕು.

ಇಬ್ಬರ ನಡುವೆ ಒಂದು ಸಣ್ಣ ಕಿಟಕಿ. ಹಿಂದೆ ಏನಾಗುತ್ತಿದೆ ಎಂದು ಪೈಲಟ್‌ಗೆ ಕಾಣುವುದಿಲ್ಲ. ಮುಂದೆ ರಸ್ತೆ ಇದೆಯಾ, ಕುಸಿದಿದೆಯಾ ಎಂದು ಇ.ಎಂ.ಟಿ.ಗೆ ಕಾಣುವುದಿಲ್ಲ. ದನಿಯನ್ನೇ ನಂಬಬೇಕು. ನಂಬಿಕೆ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಒಳ್ಳೆ ಸೆಟ್ ಯಾರು ಹಾಕಿಕೊಡುತ್ತಾರೆ?

ಪೈಲಟ್‌ನ ಡ್ಯಾಶ್‌ಬೋರ್ಡಿನಲ್ಲಿ ಮಂಜುನಾಥ ಸ್ವಾಮಿಯ ಫೋಟೋ ಇರಲಿ. ಆದರೆ ಕೊನೆಯ ಅಧ್ಯಾಯದಲ್ಲಿ ಅವನನ್ನು ಮತಾಂತರ ಮಾಡಿಸಬೇಡಿ. ದಯವಿಟ್ಟು. ನಾನು ಓದಿದ ಹಸ್ತಪ್ರತಿಗಳಲ್ಲಿ ಅರ್ಧದಷ್ಟು ಇಲ್ಲೇ ಬಿದ್ದುಹೋಗಿವೆ. ಬೆಳಗಿನ ಜಾವ ಮೂರು ಗಂಟೆಗೆ ಘಾಟಿಯಲ್ಲಿ ಒಂದೇ ಫ್ಲಾಸ್ಕಿನ ಟೀ ಕುಡಿದವನು ಅವನು. ಅವನ ಭಕ್ತಿಯನ್ನು ಅವನದಾಗಿಯೇ ಗೌರವಿಸಿ ಬರೆದರೆ ನಿಮ್ಮ ನಾಯಕಿಯ ನಂಬಿಕೆಗೂ ತೂಕ ಬರುತ್ತದೆ.

ಹಂತ 3: ಗಡಿಯಾರ ಇರುವ ಎಮರ್ಜೆನ್ಸಿ ಆರಿಸಿ

ಎಲ್ಲ ಎಮರ್ಜೆನ್ಸಿಯೂ ಸಸ್ಪೆನ್ಸ್ ಕೊಡುವುದಿಲ್ಲ. ಭೀಕರ ಅಪಘಾತ ಓದುಗರನ್ನು ಬೆಚ್ಚಿಬೀಳಿಸುತ್ತದೆ, ಆದರೆ ಮುಂದಿನ ಪುಟಕ್ಕೆ ಎಳೆಯುವುದಿಲ್ಲ. ನಿಧಾನವಾಗಿ ಕೈಮೀರುವಂಥದ್ದು ಬೇಕು. ಹೊರಗೆ ಗಾಯವಿಲ್ಲದೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವನು, "ನಂಗೇನಾಗಿಲ್ಲ, ಬೈಕ್ ಎಲ್ಲಿ?" ಎಂದು ಕೇಳುತ್ತಿರುವವನು. ಹೆರಿಗೆಯಾಗಿ ಮಗು ಅತ್ತಿದೆ, ಎಲ್ಲರೂ ನಗುತ್ತಿದ್ದಾರೆ, ತಾಯಿಯ ರಕ್ತಸ್ರಾವ ಮಾತ್ರ ನಿಂತಿಲ್ಲ.

ನನ್ನ ಆಯ್ಕೆ ಕಟ್ಟುಹಾವು. ಕರಾವಳಿ ಕಡೆ ಕಡಂಬಳ ಅನ್ನುತ್ತಾರೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ವೈದ್ಯಕೀಯ ವಿವರವೊಂದು ಹೇಗೆ ತಾನೇ ಕಥೆಯಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಟ್ಟುಹಾವು ರಾತ್ರಿ ಹೊತ್ತು ಓಡಾಡುತ್ತದೆ. ನೆಲದ ಮೇಲೆ ಮಲಗಿದವರಿಗೆ ಕಚ್ಚುವುದು ಹೆಚ್ಚು. ಎಷ್ಟೋ ಸಲ ನೋವೇ ಇರುವುದಿಲ್ಲ, ಊತವಿಲ್ಲ, ಕಚ್ಚಿದ ಗುರುತೂ ಸರಿಯಾಗಿ ಕಾಣುವುದಿಲ್ಲ. ನಡುರಾತ್ರಿ ಎದ್ದು "ಹೊಟ್ಟೆನೋವು" ಅನ್ನುತ್ತಾರೆ. ಮನೆಯವರು ಓಮಕಾಳಿನ ನೀರು ಕೊಡುತ್ತಾರೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ನುಂಗೋಕಾಗುವುದಿಲ್ಲ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡುವ ಸ್ನಾಯುಗಳೂ ಕೈಕೊಡುತ್ತವೆ.

ಈಗ ಮೊದಲು ಹೇಳಿದ ಟೆಸ್ಟ್ ಟ್ಯೂಬಿಗೆ ವಾಪಸ್ ಬನ್ನಿ. ಆ ಪರೀಕ್ಷೆ ಹಿಡಿಯುವುದು ಕೊಳಕುಮಂಡಲದಂಥ ಹಾವಿನ ವಿಷವನ್ನು, ಅಂದರೆ ರಕ್ತದ ಮೇಲೆ ಕೆಲಸ ಮಾಡುವ ವಿಷವನ್ನು. ಕಟ್ಟುಹಾವಿನ ವಿಷ ಕೆಲಸ ಮಾಡುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ. ಆದ್ದರಿಂದ 20 ನಿಮಿಷ ಆದ ಮೇಲೆ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟಿರುತ್ತದೆ! ತಾಯಿ "ದೇವರು ದೊಡ್ಡವನು" ಅನ್ನುತ್ತಾಳೆ. ಚಿಕ್ಕಪ್ಪ ಹೊರಗೆ ಹೋಗಿ ಊರಿಗೆ ಫೋನ್ ಮಾಡುತ್ತಾನೆ. ಅಷ್ಟರಲ್ಲಿ ನಿಮ್ಮ ನಾಯಕಿ ಗಮನಿಸುತ್ತಾಳೆ: ರೋಗಿ ಮಾತಾಡುವಾಗ ಹುಬ್ಬು ಮೇಲೆತ್ತುತ್ತಿದ್ದಾನೆ. ಕಣ್ಣು ತೆರೆಯೋಕೆ ಹಣೆಯ ಸಹಾಯ ತೆಗೆದುಕೊಳ್ಳುತ್ತಿದ್ದಾನೆ.

ಕೃತಜ್ಞತೆ ಹೇಳಿ ಆಗಿದೆ. ಅಪಾಯ ಈಗ ಶುರುವಾಗುತ್ತಿದೆ. ಕ್ರೈಸ್ತ ಸಸ್ಪೆನ್ಸ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ದೃಶ್ಯವನ್ನೇ ತೋರಿಸುತ್ತೇನೆ.

ಇದಕ್ಕೂ ಹೆಚ್ಚಿನದು ಮುಂದಿದೆ. ಪೂರ್ತಿ ಲಕ್ವ ಹೊಡೆದ ಹಾಗಾದ ಈ ರೋಗಿಯ ಕಣ್ಣಿನ ಪಾಪೆ ಬೆಳಕಿಗೂ ಸ್ಪಂದಿಸದೆ ಹಿಗ್ಗಿ ನಿಲ್ಲಬಹುದು. ನೋಡಿದವರಿಗೆ ಸತ್ತ ಹಾಗೆ, ಮಿದುಳು ನಿಂತ ಹಾಗೆ ಕಾಣಬಹುದು. ಆದರೆ ಆಮ್ಲಜನಕ ಸಿಗುತ್ತಿದ್ದರೆ ಅವನಿಗೆ ಎಚ್ಚರ ಇರುತ್ತದೆ. ಕಿವಿ ಕೇಳಿಸುತ್ತಿರುತ್ತದೆ. ಬೆರಳು ಅಲ್ಲಾಡಿಸೋಕೂ ಆಗುವುದಿಲ್ಲ ಅಷ್ಟೇ. ವಿಷನಿರೋಧಕ ಕೊಟ್ಟು, ವೆಂಟಿಲೇಟರಿನಲ್ಲಿ ಕೆಲವು ದಿನ ಉಸಿರು ನಡೆಸಿದರೆ ಎದ್ದು ಮನೆಗೆ ಹೋಗುವವರೂ ಇದ್ದಾರೆ.

ಸತ್ತ ಹಾಗೆ ಬಿದ್ದಿರುವವನಿಗೆ ಎಲ್ಲವೂ ಕೇಳಿಸುತ್ತಿದೆ. ಅವನ ಪಕ್ಕದಲ್ಲಿ ಕೂತವರಿಗೆ ಅದು ಗೊತ್ತಿಲ್ಲ. ಕಾದಂಬರಿ ಸಿಕ್ಕಿತಲ್ವಾ?

ಹಂತ 4: ಒಂದು ದೃಶ್ಯ ಕಟ್ಟಿ ನೋಡೋಣ

ಜಾಗ: ಚಾರ್ಮಾಡಿ ಘಾಟಿಯ ಮೇಲಿನ ಒಂದು ಕಾಫಿ ತೋಟ. ಜುಲೈ ಮಳೆ. ಮನೆಯವರು ಕೊಂಕಣಿ ಮಾತಾಡುವ ಕಥೋಲಿಕರು. ಅಣ್ಣ ಲಾರೆನ್ಸ್‌ಗೆ ಹಾವು ಕಚ್ಚಿದೆ. ತಮ್ಮ ವಿಲ್ಸನ್ ಜೊತೆಗೆ ಬಂದಿದ್ದಾನೆ. ಇ.ಎಂ.ಟಿ. ಪ್ರಮೀಳಾ ಮಂಗಳೂರಿನ ಪ್ರೊಟೆಸ್ಟೆಂಟ್. ಪೈಲಟ್ ಸುರೇಶಣ್ಣ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ಶಿಫ್ಟ್ ಮಾಡಬೇಕು. ಕೊಟ್ಟಿಗೆಹಾರದಿಂದ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ ದಾಟಿ ಮಂಗಳೂರು ಸೇರುವವರೆಗೆ, ಎರಡೂವರೆ ಗಂಟೆ ಅಂದುಕೊಳ್ಳಿ, ಪ್ರಮೀಳಾ ಆಂಬು ಬ್ಯಾಗ್ ಒತ್ತಿ ಅವನ ಉಸಿರು ನಡೆಸಬೇಕು. ಪಲ್ಸ್ ಇರುವ ದೊಡ್ಡವರಿಗೆ 6 ಸೆಕೆಂಡಿಗೆ ಒಂದು ಸಲ. ನಿಮಿಷಕ್ಕೆ 10. ಎರಡೂವರೆ ಗಂಟೆಗೆ 1500. ಇಂಥ ಲೆಕ್ಕ ಬರೆಯುವ ಮುಂಚೆಯೇ ಮಾಡಿಟ್ಟುಕೊಳ್ಳಿ.

"ನಾಲ್ಕು, ಐದು, ಒತ್ತು. ಪ್ರಮೀಳಾಳ ಹೆಬ್ಬೆರಳು ಮರಗಟ್ಟಿತ್ತು. ಗಾಡಿ ತಿರುವಿನಲ್ಲಿ ವಾಲಿದಾಗ ಮೊಣಕಾಲನ್ನು ಸ್ಟ್ರೆಚರಿನ ಕಂಬಿಗೆ ಒತ್ತಿ ಹಿಡಿದಳು.

'ಅಣ್ಣ ಇದ್ದಾನಲ್ವಾ ಸಿಸ್ಟರ್?'

'ಪಲ್ಸ್ ಇದೆ.'

'ಕಣ್ಣೇ ಬಿಡ್ತಿಲ್ಲ.'

ಅವಳು ಉತ್ತರ ಕೊಡಲಿಲ್ಲ. ಮಾತಾಡಿದರೆ ಎಣಿಕೆ ತಪ್ಪುತ್ತಿತ್ತು. ಮುಂದಿನಿಂದ ಸುರೇಶಣ್ಣ ಕೂಗಿದ: 'ಮೇಡಂ, ಮರ ಬಿದ್ದಿದೆ. ಐದು ನಿಮಿಷ.'

ಗಾಡಿ ನಿಂತಿತು. ವೈಪರ್ ಸದ್ದು ಮಾತ್ರ. ವಿಲ್ಸನ್ ಅಣ್ಣನ ಕಿವಿಯ ಹತ್ತಿರ ಬಗ್ಗಿ, ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದ. ಪ್ರಮೀಳಾಗೆ ಕೊಂಕಣಿ ಬರುವುದಿಲ್ಲ ಅಂದುಕೊಂಡಿದ್ದ.

'ಹನ್ನೊಂದು ಗಂಟೆಗೇ ಹಾವು ನೋಡಿದ್ದೆ ಅಣ್ಣಾ. ನೀನು ಹೊಟ್ಟೆನೋವು ಅಂದಾಗಲೇ ಗೊತ್ತಾಗಿತ್ತು.'

ಮಾನಿಟರಿನಲ್ಲಿ 88 ಇದ್ದ ಪಲ್ಸ್ 124ಕ್ಕೆ ಏರಿತು."

ಮೊದಲ ಕರಡಿನಲ್ಲಿ ಕೊನೆಯ ಸಾಲು ಬೇರೆ ಇತ್ತು. ಲಾರೆನ್ಸ್‌ನ ಕಣ್ಣಿಂದ ಒಂದು ಹನಿ ಜಾರುತ್ತಿತ್ತು. ಓದಿದ ನರ್ಸ್ ಗೆಳತಿ ಹೇಳಿದಳು, "ಕಣ್ಣೀರು ಎಲ್ಲರೂ ಹಾಕಿಸ್ತಾರೆ. ನಿನ್ ಹತ್ರ ಮಾನಿಟರ್ ಇದೆಯಲ್ಲ, ಅದೇನು ಸುಮ್ನೆ ಇಟ್ಟಿದ್ದೀಯಾ?" ಅವತ್ತು ನನಗೆ ಒಂದು ವಿಷಯ ಅರ್ಥವಾಯಿತು. ನಮ್ಮ ಕೆಲಸದ ಸಾಮಾನುಗಳೇ ನಮ್ಮ ಉಪಮೆಗಳು. ಹೊರಗಿನಿಂದ ಏನೂ ತರಬೇಕಿಲ್ಲ.

ಈಗ ಲಾರೆನ್ಸ್ ಬದುಕಿದ ಎಂದುಕೊಳ್ಳಿ. ಹತ್ತು ದಿನದ ಮೇಲೆ ಮನೆಗೆ ಬರುತ್ತಾನೆ. ತಮ್ಮ ಕಿತ್ತಳೆ ಹಣ್ಣು ಸುಲಿದು ಕೊಡುತ್ತಾನೆ. ತೋಟದ ಪಾಲಿನ ಪತ್ರ ಇನ್ನೂ ಸಹಿಯಾಗಿಲ್ಲ. ಅಣ್ಣನಿಗೆ ಗೊತ್ತು. ಅಣ್ಣನಿಗೆ ಗೊತ್ತಿದೆ ಎಂದು ತಮ್ಮನಿಗೆ ಗೊತ್ತಿಲ್ಲ. ಇಬ್ಬರಿಗೂ ಗೊತ್ತಿಲ್ಲದ ಇನ್ನೊಂದು: ಪ್ರಮೀಳಾಗೆ ಕೊಂಕಣಿ ಬರುತ್ತದೆ. ಕ್ಷಮೆ ಎಂಬ ಮಾತು ಕಾದಂಬರಿಯಲ್ಲಿ ಒಂದು ಸಲವೂ ಬರದಿದ್ದರೂ ಇನ್ನು ಪ್ರತಿ ಊಟದ ದೃಶ್ಯವೂ ಅದರ ಬಗ್ಗೆಯೇ.

ಹಂತ 5: ಪ್ರಾರ್ಥನೆಯನ್ನು ಶಾಕ್ ಮೆಷೀನ್ ಮಾಡಬೇಡಿ

ನಮ್ಮವರು ಬರೆಯುವ ಕಥೆಗಳಲ್ಲಿ ಒಂದು ಮಾದರಿ ಇದೆ. ಹೃದಯ ನಿಲ್ಲುತ್ತದೆ, ಡಾಕ್ಟರ್ ಕೈಚೆಲ್ಲುತ್ತಾರೆ, ನಾಯಕಿ ಮಂಡಿಯೂರುತ್ತಾಳೆ, "ಬೀಪ್" ಎಂದು ಸದ್ದು ಬರುತ್ತದೆ. ಇದರಿಂದ ಎರಡು ನಷ್ಟ. ಸಸ್ಪೆನ್ಸ್ ಸಾಯುತ್ತದೆ, ಯಾಕೆಂದರೆ ಮುಂದಿನ ಸಲ ಅವಳು ಮಂಡಿಯೂರಿದ ಕೂಡಲೇ ಓದುಗರಿಗೆ ಉತ್ತರ ಗೊತ್ತು. ಇನ್ನೊಂದು ಇದಕ್ಕಿಂತ ದೊಡ್ಡದು. ತಮ್ಮ ಮನೆಯಲ್ಲಿ ಯಾರನ್ನೋ ಕಳೆದುಕೊಂಡು, ಆ ರಾತ್ರಿ ಅಷ್ಟೇ ಪ್ರಾರ್ಥನೆ ಮಾಡಿದ್ದ ಓದುಗರಿಗೆ ನೀವು ಏನು ಹೇಳಿದ ಹಾಗಾಯಿತು?

ಸುವಾರ್ತೆಗಳನ್ನೇ ಕಥೆಗಾರರ ಕಣ್ಣಿಂದ ಓದಿ ನೋಡಿ. ಮಾರ್ಕನ 5ನೇ ಅಧ್ಯಾಯದಲ್ಲಿ ಯಾಯೀರನ 12 ವರ್ಷದ ಮಗಳು ಸಾಯುವ ಹಾಗಿದ್ದಾಳೆ. ಅದು ಎಮರ್ಜೆನ್ಸಿ ಕಾಲ್. ಯೇಸು ಹೊರಡುತ್ತಾನೆ. ದಾರಿಯಲ್ಲಿ 12 ವರ್ಷದಿಂದ ರಕ್ತಸ್ರಾವ ಇದ್ದ ಹೆಂಗಸು ಬಟ್ಟೆ ಮುಟ್ಟುತ್ತಾಳೆ. ನಮ್ಮ ಟ್ರಯಾಜ್ (ಯಾರಿಗೆ ಮೊದಲು ಚಿಕಿತ್ಸೆ ಎಂಬ ವಿಂಗಡಣೆ) ಲೆಕ್ಕದಲ್ಲಿ ಅವಳು ಕಾಯಬಹುದಾದವಳು, ಹುಡುಗಿ ಕಾಯಲಾಗದವಳು. ಆದರೂ ಆತ ನಿಲ್ಲುತ್ತಾನೆ. ಯಾರು ಮುಟ್ಟಿದ್ದು ಎಂದು ಕೇಳುತ್ತಾನೆ. ಅವಳ ಕಥೆ ಪೂರ್ತಿ ಕೇಳುತ್ತಾನೆ. ಯಾಯೀರ ಪಕ್ಕದಲ್ಲೇ ನಿಂತಿದ್ದಾನೆ. ಅವನ ಮುಖದ ಬಗ್ಗೆ ಮಾರ್ಕ ಒಂದು ಮಾತೂ ಬರೆಯುವುದಿಲ್ಲ. ಮನೆಯಿಂದ ಸಾವಿನ ಸುದ್ದಿ ಬರುವುದು ಆಗಲೇ.

ಯೋಹಾನನ 11ನೇ ಅಧ್ಯಾಯ ಇನ್ನೂ ಕಠಿಣ. ಲಾಜರನಿಗೆ ಹುಷಾರಿಲ್ಲ ಎಂದು ಹೇಳಿಕಳಿಸುತ್ತಾರೆ. ಆತ ಇದ್ದಲ್ಲೇ ಇನ್ನೂ ಎರಡು ದಿನ ಉಳಿಯುತ್ತಾನೆ. ಎರಡು ದಿನ! ರೆಸ್ಪಾನ್ಸ್ ಟೈಮ್ ನೋಡುವ ನಮಗೆ ಇದು ನುಂಗಲಾಗದ ತುತ್ತು. ಆ ತುತ್ತನ್ನು ನಿಮ್ಮ ನಾಯಕಿಯ ಗಂಟಲಲ್ಲೇ ಇಡಿ, ಕರಗಿಸೋಕೆ ಹೋಗಬೇಡಿ.

ಬರೆಯುವಾಗ ನಾನು ಪಾಲಿಸುವ ಕ್ರಮ ಇಷ್ಟು: ಒಂದು ಪ್ರಾರ್ಥನೆಗೆ ಕಥೆಯಲ್ಲಿ ಕೂಡಲೇ ಉತ್ತರ ಬರಬಾರದು. ಬಂದರೆ ಬೇಡಿದ ರೂಪದಲ್ಲಿ ಬರಬಾರದು. ಇಡೀ ಕಾದಂಬರಿಯಲ್ಲಿ ಒಂದು ಸಲ ಮಾತ್ರ ಈ ನಿಯಮ ಮುರಿಯಬಹುದು.

ಪ್ರಾರ್ಥನೆಯ ಭಾಷೆಯೂ ಸರಿಯಾಗಿರಲಿ. ಎಲ್ಲ ಕ್ರೈಸ್ತರೂ ಒಂದೇ ತರ ಮಾತಾಡುವುದಿಲ್ಲ. ಪ್ರಮೀಳಾ "ಕರ್ತನೇ" ಅನ್ನುತ್ತಾಳೆ, ಅವಳ ಕೈಲಿರುವುದು ಸತ್ಯವೇದ, ಅವಳಿಗೆ ಇರುವವರು ಸಭಾಪಾಲಕರು. ಲಾರೆನ್ಸ್‌ನ ತಾಯಿ "ಸೊಮಿಯಾ" ಅನ್ನುತ್ತಾಳೆ (ಕೊಂಕಣಿಯಲ್ಲಿ ಕರ್ತನೇ ಎಂದರ್ಥ), ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಾಳೆ, ಕರೆಸುವುದು ಫಾದರ್‌ನ. ಸುರೇಶಣ್ಣ ಆಕೆಯನ್ನು "ಬಾಯಮ್ಮ" ಎಂದು ಕರೆಯುತ್ತಾನೆ. ಇಷ್ಟು ಸರಿ ಇದ್ದರೆ ಕರಾವಳಿ, ಮಲೆನಾಡಿನ ಓದುಗರು ನಿಮ್ಮನ್ನು ನಂಬುತ್ತಾರೆ. ಇದು ತಪ್ಪಿದರೆ ಹಾವಿನ ಬಗ್ಗೆ ಎಷ್ಟು ಸರಿ ಬರೆದರೂ ನಂಬುವುದಿಲ್ಲ.

ಕಥೆಗೆ ಒದಗುವ ಒಂದೆರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಥೋಲಿಕ ಸಭೆಯ ಕಾನೂನಿನಲ್ಲಿ ತುರ್ತು ಇದ್ದಾಗ ಸರಿಯಾದ ಉದ್ದೇಶದಿಂದ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಉಸಿರಾಡದ ಶಿಶುವಿನ ತಾಯಿ ಅದನ್ನೇ ಕೇಳಿದರೆ ಆಂಬುಲೆನ್ಸಿನಲ್ಲಿರುವ ಪ್ರಮೀಳಾ ಏನು ಮಾಡುತ್ತಾಳೆ? ಅವಳ ಎರಡೂ ಕೈ ಶಿಶುವಿನ ಎದೆಯ ಮೇಲಿವೆ. ಆದರೆ ಪಾಪನಿವೇದನೆ ಕೇಳಿ ಕ್ಷಮೆ ಘೋಷಿಸುವುದಕ್ಕೆ, ಅಸ್ವಸ್ಥರಿಗೆ ತೈಲಾಭ್ಯಂಗ ಮಾಡುವುದಕ್ಕೆ ಗುರುಗಳೇ ಬೇಕು. ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಬಿಟ್ಟುಕೊಡುವಂತಿಲ್ಲ. ವಿಲ್ಸನ್ ಹೇಳಿದ್ದನ್ನು ಕೇಳಿಸಿಕೊಂಡ ಪ್ರಮೀಳಾಗೆ ಆ ರಕ್ಷಣೆ ಇಲ್ಲ.

ಪ್ರಜ್ಞೆ ತಪ್ಪುತ್ತಿರುವ, ಹೆದರಿದ, ನಿಮ್ಮ ಕೈಯಲ್ಲಿ ಜೀವ ಇಟ್ಟಿರುವ ಬೇರೆ ಧರ್ಮದ ರೋಗಿಗೆ ನಾಯಕಿ ಸುವಾರ್ತೆ ಸಾರುವ ದೃಶ್ಯ ಬರೆಯಬೇಡಿ. ಬರೆದರೂ ಅದನ್ನು ಅವಳ ತಪ್ಪು ಎಂದೇ ಬರೆಯಿರಿ. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ತಲುಪಿಸಿದ, ಎರಡು ನಾಣ್ಯ ಕೊಟ್ಟ. ಉಪದೇಶ ಮಾಡಿದ ಎಂದು ಲೂಕ ಎಲ್ಲೂ ಬರೆದಿಲ್ಲ.

ಹಂತ 6: ಸಿನಿಮಾ ವೈದ್ಯವನ್ನು ಒರೆಸಿಹಾಕಿ

ನನ್ನ ಮೊದಲ ಕರಡಿನಲ್ಲಿ, ಹೃದಯ ನಿಂತು ಮಾನಿಟರಿನಲ್ಲಿ ನೇರ ಗೆರೆ ಬಂದ ರೋಗಿಗೆ ಶಾಕ್ ಕೊಟ್ಟಿದ್ದೆ. ಕೆಲಸದಲ್ಲಿ ಎಂದೂ ಮಾಡದ ತಪ್ಪನ್ನು ಪೆನ್ ಹಿಡಿದಾಗ ಮಾಡಿದ್ದೆ! ಸಿನಿಮಾ ನಮ್ಮೊಳಗೆ ಅಷ್ಟು ಇಳಿದಿದೆ. ಶಾಕ್ ಕೊಡುವುದು ಹೃದಯ ಅಡ್ಡಾದಿಡ್ಡಿ ಕಂಪಿಸುತ್ತಿರುವಾಗ. ನೇರ ಗೆರೆಗೆ ಎದೆ ಒತ್ತುವುದು ಮತ್ತು ಅಡ್ರಿನಲಿನ್ ಅಷ್ಟೇ.

ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120, ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, 30 ಒತ್ತಿಗೆ 2 ಉಸಿರು. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ಸುಸ್ತಾದ ಕೈ ಆಳಕ್ಕೆ ಹೋಗುವುದಿಲ್ಲ. ಗಾಡಿಯಲ್ಲಿ ಒಬ್ಬಳೇ ಇದ್ದಾಗ? ಬದಲಾಯಿಸೋಕೆ ಯಾರೂ ಇಲ್ಲ. ಪಕ್ಕೆಲುಬು ಮುರಿಯುವುದು ಕೈಗೆ ಗೊತ್ತಾಗುತ್ತದೆ. ಹೃದಯ ಮತ್ತೆ ಶುರುವಾದರೂ ರೋಗಿ ಎದ್ದು ಕೂತು "ನಾನೆಲ್ಲಿದ್ದೀನಿ?" ಅನ್ನುವುದಿಲ್ಲ. ಬದುಕುತ್ತಾನಾ ಇಲ್ಲವಾ ಎಂದು ಎಷ್ಟೋ ದಿನ ಐಸಿಯುನಲ್ಲಿ ಗೊತ್ತೇ ಆಗುವುದಿಲ್ಲ. ಕಾದಂಬರಿಗೆ ಇದೇ ಒಳ್ಳೆಯದು, ಇನ್ನೊಂದು ಕಾಯುವಿಕೆ ಸಿಕ್ಕಿತು.

ಚುಚ್ಚಿಕೊಂಡಿರುವ ಚಾಕುವನ್ನು ರಸ್ತೆಯಲ್ಲಿ ಕೀಳುವುದಿಲ್ಲ, ಅಲ್ಲಾಡದ ಹಾಗೆ ಸುತ್ತ ಪ್ಯಾಡ್ ಇಟ್ಟು ಕಟ್ಟುತ್ತಾರೆ. ಹಾವು ಕಚ್ಚಿದ ಕಾಲನ್ನು ಕೊಯ್ಯುವುದಿಲ್ಲ, ಚೀಪುವುದಿಲ್ಲ, ಬಿಗಿಯಾಗಿ ಹಗ್ಗ ಕಟ್ಟುವುದಿಲ್ಲ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ನಿಮ್ಮ ಕಥೆಯಲ್ಲಿ ಯಾರೋ "ಹಾವೇ ಅಲ್ಲ" ಎಂದು ಮುಚ್ಚಿಡೋಕೆ ನೋಡುತ್ತಿದ್ದರೆ ಆ ದಾಖಲೆ ಕೆಲಸಕ್ಕೆ ಬರುತ್ತದೆ.

ಸಂಭಾಷಣೆಯಲ್ಲಿ ಪಾಠ ಬೇಡ. "ಆಮ್ಲಜನಕದ ಪ್ರಮಾಣ ಕುಸಿಯುತ್ತಿದೆ" ಎಂದು ಯಾರೂ ಹೇಳುವುದಿಲ್ಲ. "ಸ್ಯಾಚುರೇಷನ್ ಇಳೀತಿದೆ", "ಲೈನ್ ಸಿಗ್ತಿಲ್ಲ", "ಸಕ್ಷನ್ ಕೊಡಿ", "ಬೆಡ್ ಇಲ್ವಂತೆ." ಓದುಗರಿಗೆ ಪದ ಗೊತ್ತಿಲ್ಲದಿದ್ದರೂ ದನಿ ಅರ್ಥವಾಗುತ್ತದೆ. ವಿಷ ಕುಡಿದ ಪ್ರಕರಣ ಬರೆಯುವಾಗ ಮಾತ್ರ ಯಾವ ವಿಷ, ಎಷ್ಟು ಎಂಬ ವಿವರ ಬಿಡಿ. ಕಥೆಗೆ ಅದು ಬೇಕಾಗುವುದಿಲ್ಲ, ಯಾರ ಕೈಗೋ ಸಿಗಬಾರದು.

ಹಂತ 7: ಅಪರಾಧದ ಎಳೆ ಗಾಡಿಯೊಳಗೇ ಇದೆ

ಇದಕ್ಕೆ ಪತ್ತೇದಾರರು ಬೇಕಿಲ್ಲ. ಪ್ರತಿ ಟ್ರಿಪ್ಪಿಗೂ ಪೇಷೆಂಟ್ ಕೇರ್ ರೆಕಾರ್ಡ್ ತುಂಬಬೇಕು. ಕಾಲ್ ಬಂದದ್ದು, ಹೊರಟದ್ದು, ತಲುಪಿದ್ದು, ಆಸ್ಪತ್ರೆ ಮುಟ್ಟಿದ್ದು, ಎಲ್ಲಕ್ಕೂ ಸಮಯ ಇದೆ. ವಿಲ್ಸನ್ "ಹಾವು ನೋಡಿದ ಕೂಡಲೇ ಫೋನ್ ಮಾಡಿದೆ" ಅನ್ನುತ್ತಾನೆ. ಕಾಲ್ ಬಂದದ್ದು 1.40ಕ್ಕೆ. ಹನ್ನೊಂದಕ್ಕೂ ಒಂದು ನಲವತ್ತಕ್ಕೂ ನಡುವೆ ಇರುವ ಆ ಖಾಲಿ ಜಾಗವೇ ನಿಮ್ಮ ಕಾದಂಬರಿ. ನಾನು ಅಧ್ಯಾಯ ಬರೆಯುವ ಮೊದಲು ಆ ರಾತ್ರಿಯ ರೆಕಾರ್ಡನ್ನೇ ಸುಳ್ಳು ಹೆಸರಲ್ಲಿ ತುಂಬಿ ಗೋಡೆಗೆ ಅಂಟಿಸುತ್ತೇನೆ. ಕಥೆಯ ಬೆನ್ನೆಲುಬು ಅದೇ ಆಗುತ್ತದೆ.

ಹಲ್ಲೆ ಪ್ರಕರಣವಾದರೆ ಬಟ್ಟೆ ಕತ್ತರಿಸುವಾಗ ಚಾಕು ತೂರಿದ ತೂತಿನ ಮೇಲೆ ಕತ್ತರಿ ಆಡಿಸಬಾರದು, ಅದು ಸಾಕ್ಷ್ಯ. ಎಂ.ಎಲ್.ಸಿ. (ಮೆಡಿಕೋ ಲೀಗಲ್ ಕೇಸ್) ಎಂದು ಬರೆಸಿದ ಮೇಲೆ ಪೊಲೀಸರಿಗೆ ಹೋಗುತ್ತದೆ. ಸಾಯುವವನು ತನ್ನ ಸಾವಿಗೆ ಕಾರಣ ಏನೆಂದು ಹೇಳಿದ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಸೆಕ್ಷನ್ನಿನಡಿ ಸಾಕ್ಷ್ಯವಾಗಬಹುದು. ಅದನ್ನು ಮ್ಯಾಜಿಸ್ಟ್ರೇಟರೇ ಕೇಳಿಸಿಕೊಂಡಿರಬೇಕು ಎಂದೇನಿಲ್ಲ. ಅಂದರೆ ಒಂದು ಹೆಸರು ಕೇಳಿಸಿಕೊಂಡ ಇ.ಎಂ.ಟಿ. ಕೋರ್ಟಿನ ಕಟಕಟೆ ಹತ್ತಬೇಕಾಗಬಹುದು. ಆ ಹೆಸರು ಅವಳದೇ ಸಭೆಯ ಹಿರಿಯರದ್ದಾದರೆ? ಅಪಘಾತದಲ್ಲಿ ನೆರವಾದ ದಾರಿಹೋಕರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಹಾಗಾಗಿ ನಿಮ್ಮ ಕಥೆಯಲ್ಲಿ ಫೋನ್ ಮಾಡಿ ಮಾಯವಾದ ಒಬ್ಬನು ಇರಬಹುದು. ಅವನೇಕೆ ಹೆಸರು ಹೇಳಲಿಲ್ಲ ಎಂಬ ಅನುಮಾನವನ್ನು ನೂರು ಪುಟ ಎಳೆಯಬಹುದು.

ಖಳನನ್ನು ಚರ್ಚಿನ ಹೊರಗಿನಿಂದಲೇ ತರುವ ಅಭ್ಯಾಸ ಬಿಡಿ. ತಪ್ಪು ಮಾಡುವವರು ನಮ್ಮ ಬೆಂಚಿನಲ್ಲೇ ಕೂತಿರುತ್ತಾರೆ.

ಹಂತ 8: ಮೂವರಿಗೆ ಓದಿಸಿ

ಒಬ್ಬರು ಎಮರ್ಜೆನ್ಸಿಯಲ್ಲಿ ಕೆಲಸ ಮಾಡಿದ ನರ್ಸ್. ಒಬ್ಬರು ಸಭಾಪಾಲಕರು ಅಥವಾ ಫಾದರ್. ಇನ್ನೊಬ್ಬರು ಚರ್ಚಿನ ಮೆಟ್ಟಿಲನ್ನೇ ಹತ್ತದವರು. ಮೂರನೆಯವರು ಎಲ್ಲಿ ಪುಟ ಹಾರಿಸಿದರು ಎಂದು ಕೇಳಿ. ಬಹುತೇಕ ಅದು ನೀವು ಉಪದೇಶಕ್ಕೆ ಇಳಿದ ಜಾಗವೇ ಆಗಿರುತ್ತದೆ.

ನನ್ನ ಮೂರನೆಯ ಓದುಗ ಹಳೆಯ ಪೈಲಟ್ ಅಣ್ಣ. ಹಸ್ತಪ್ರತಿ ಕೊಟ್ಟು ಎರಡು ವಾರ ಆದ ಮೇಲೆ ಫೋನ್ ಮಾಡಿದರು. ಕಟ್ಟುಹಾವಿನ ಬಗ್ಗೆ, ತಮ್ಮನ ಬಗ್ಗೆ, ಪ್ರಾರ್ಥನೆಯ ಬಗ್ಗೆ ಏನೂ ಹೇಳಲಿಲ್ಲ. "ಎಲ್ಲಾ ಸರಿ ಮೇಡಂ, ಆಸ್ಪತ್ರೆಗೆ ಬಿಟ್ರಿ, ಕಥೆ ಮುಗೀತು. ಆಮೇಲೆ ಗಾಡಿ ಯಾರು ತೊಳೆದ್ರು?"

ನಾನು ಬರೆದಿರಲಿಲ್ಲ. ಪ್ರತಿ ಟ್ರಿಪ್ ಆದ ಮೇಲೂ ಬೆಳಕು ಹರಿಯುವ ಹೊತ್ತಿಗೆ ಬಕೆಟ್, ಬ್ಲೀಚಿಂಗ್ ನೀರು, ಬಟ್ಟೆ ಹಿಡಿದು ನಾವಿಬ್ಬರೇ ತೊಳೆಯುತ್ತಿದ್ದೆವು. ಒಳಗೆ ಹೋದವನು ಬದುಕುತ್ತಾನಾ ಇಲ್ಲವಾ ಎಂದು ಆಗ ಗೊತ್ತಿರುತ್ತಿರಲಿಲ್ಲ. ಬಹಳ ಸಲ ಆಮೇಲೂ ಗೊತ್ತಾಗುತ್ತಿರಲಿಲ್ಲ. ಸ್ಟ್ರೆಚರಿನ ಕೆಳಗೆ ಒಂದು ಚಪ್ಪಲಿ, ತೇರ್ಸ್‌ನ ಹರಿದ ಮಣಿ, ಏನಾದರೂ ಸಿಗುತ್ತಿತ್ತು. ಈಗ ಕಾದಂಬರಿಯ ಕೊನೆಯ ಅಧ್ಯಾಯ ಅದೇ. ಒಂಬತ್ತು ಪುಟ. ಪ್ರಮೀಳಾ ನೆಲ ಉಜ್ಜುತ್ತಾಳೆ, ಸುರೇಶಣ್ಣ ನೀರು ಹಾಕುತ್ತಾನೆ, ಇಬ್ಬರೂ ಮಾತಾಡುವುದಿಲ್ಲ, ಮುಂದಿನ ಕಾಲ್ ಇನ್ನೂ ಬಂದಿಲ್ಲ.